ಪ್ರವಾಸಿಯನ್ನು ಕಳಿಸಿದವರು ಯಾರು?

ಪ್ರವಾಸ ಸಾಹಿತ್ಯವನ್ನು ಕುರಿತು ನಮ್ಮ ತರಗತಿಗಳಲ್ಲಿ ನಡೆಯುವ ಚರ್ಚೆ ಬಹುಮಟ್ಟಿಗೆ ಶೈಲಿಯ ಚರ್ಚೆ. ವರ್ಣನೆ ಸಹಜವಾಗಿದೆಯೇ, ಹಾಸ್ಯ ಹದವಾಗಿದೆಯೇ, ಲೇಖಕನ ವ್ಯಕ್ತಿತ್ವ ಬರಹದಲ್ಲಿ ಮೂಡಿದೆಯೇ ಎಂದು ಕೇಳಿ, ಎರಡು ಪುಟದ ಉತ್ತರ ಬರೆಸಿ, ಮುಂದಿನ ಪಾಠಕ್ಕೆ ಹೋಗುವುದು ವಾಡಿಕೆ. ಪತ್ರಿಕೆಗಾಗಿ ಬರೆದ ಪ್ರವಾಸಲೇಖನದ ಮುಂದೆ ಈ ಪ್ರಶ್ನೆಗಳು ಸಾಲವು. ಕವಿತೆ ಬರೆಯಲು ಕವಿಯನ್ನು ಯಾರು ಕಳಿಸಿದರೆಂದು ಕೇಳುವುದು ಅಸಂಬದ್ಧ. ಪತ್ರಿಕೆಯ ಪ್ರವಾಸಿಯ ವಿಷಯದಲ್ಲಾದರೋ ಕೇಳಬೇಕಾದ ಮೊದಲ ಪ್ರಶ್ನೆಯೇ ಅದು. ಈತನನ್ನು ಕಳಿಸಿದವರು ಯಾರು? ದಾರಿಯ ಖರ್ಚು ಯಾರದು? ಬರೆದು ತಂದುದನ್ನು ತಿದ್ದಿದವರು ಯಾರು?

ಲೇಖಕ ಮೊದಲು ಊರು ನೋಡುತ್ತಾನೆ, ಅನಂತರ ಬರೆಯುತ್ತಾನೆ, ಕೊನೆಗೆ ಸಂಪಾದಕ ಅದನ್ನು ಅಚ್ಚುಹಾಕುತ್ತಾನೆ ಎಂಬುದು ಓದುಗರ ಸಾಮಾನ್ಯ ಕಲ್ಪನೆ. ದೊಡ್ಡ ಪತ್ರಿಕೆಗಳಲ್ಲಿ ಲೇಖನದ ಬೀಜ ಬೀಳುವುದೇ ಸಂಪಾದಕನ ಮೇಜಿನ ಮೇಲೆ. ಲೇಖಕ ಒಂದು ಪುಟದ ಸೂಚನೆಯನ್ನು ಬರೆದು ಕಳಿಸುತ್ತಾನೆ. ಇಲ್ಲವೇ ಸಂಪಾದಕನೇ ತನಗೆ ಬೇಕಾದ ಲೇಖಕನನ್ನು ಹುಡುಕುತ್ತಾನೆ. ‘ಕಾಶಿಯ ಬಗ್ಗೆ ಬರೆಯುತ್ತೇನೆ’ ಎಂದರೆ ಒಳ್ಳೆಯ ಸಂಪಾದಕ ಒಪ್ಪಲಾರ. ಕಾಶಿ ಊರಾಯಿತು, ವಿಷಯವಾಗಲಿಲ್ಲ. ಅಲ್ಲಿಯ ದೋಣಿಯವರ ಬಾಳು ಹೇಗೆ ಬದಲಾಗುತ್ತಿದೆ ಎಂದರೆ ಅದು ವಿಷಯ. ಅದನ್ನು ಈಗಲೇ ಏಕೆ ಬರೆಯಬೇಕು, ಇವನೇ ಏಕೆ ಬರೆಯಬೇಕು ಎಂಬುದಕ್ಕೂ ಉತ್ತರ ಬೇಕು. ಎಷ್ಟು ಪದ, ಯಾವ ದಿನದೊಳಗೆ, ಸಂಭಾವನೆಯೆಷ್ಟು, ಲೇಖನ ಹಿಡಿಸದೆ ಬಿಟ್ಟರೆ ಕೊಡುವುದೆಷ್ಟು ಎಂಬುದೆಲ್ಲ ಪ್ರಯಾಣಕ್ಕೆ ಮುಂಚೆಯೇ ಗೊತ್ತಾಗುತ್ತದೆ. ಲೇಖಕ ರೈಲು ಹತ್ತುವ ಹೊತ್ತಿಗೆ ಅವನು ಏನನ್ನು ನೋಡಬೇಕೆಂಬುದು ಅರ್ಧ ತೀರ್ಮಾನವಾಗಿ ಹೋಗಿರುತ್ತದೆ.

ಇದೆಲ್ಲ ಸಾಹಿತ್ಯಕ್ಕೆ ಕೇಡೆಂದು ಯಾರಾದರೂ ಮೂಗು ಮುರಿದರೆ ಅವರಿಗೆ ಇ. ಬಿ. ವೈಟ್ ಅವರ ಲೇಖನವೊಂದನ್ನು ತೋರಿಸಬಹುದು. ಅಮೆರಿಕದಲ್ಲಿ 1946ರಲ್ಲಿ ಹೊರಟ ‘ಹಾಲಿಡೇ’ ಎಂಬ ಪತ್ರಿಕೆಯಿತ್ತು. ಹೆಸರೇ ಹೇಳುವಂತೆ ರಜೆ ಕಳೆಯುವವರ ಪತ್ರಿಕೆ. ಅದಕ್ಕೆ ನ್ಯೂಯಾರ್ಕ್ ನಗರವನ್ನು ಕುರಿತು ಒಂದು ಲೇಖನ ಬೇಕಾಯಿತು. ಅದರ ಸಂಪಾದಕವರ್ಗದಲ್ಲಿದ್ದ ರಾಜರ್ ಏಂಜೆಲ್ ತಮ್ಮ ಮಲತಂದೆಯಾದ ವೈಟ್ ಅವರನ್ನೇ ಒಪ್ಪಿಸಿದರು. (ಸ್ವಜನಪಕ್ಷಪಾತವೆನ್ನುವವರು ಎನ್ನಲಿ, ಫಲ ಇಷ್ಟು ರುಚಿಯಾಗಿದ್ದರೆ ಅಂಥ ಪಕ್ಷಪಾತ ಇನ್ನಷ್ಟು ನಡೆಯಬೇಕು.) ವೈಟ್ ನ್ಯೂಯಾರ್ಕಿನಲ್ಲಿ ಬಹುಕಾಲ ಬಾಳಿ, ಅದನ್ನು ಬಿಟ್ಟು ಮೇನ್ ರಾಜ್ಯದ ಹಳ್ಳಿಯೊಂದರಲ್ಲಿ ನೆಲೆಸಿದ್ದವರು. 1948ರ ಬೇಸಗೆಯ ಧಗೆಯಲ್ಲಿ ಅವರು ಮತ್ತೆ ನಗರಕ್ಕೆ ಬಂದು, ಹೋಟೆಲ್ ಕೋಣೆಯೊಂದರಲ್ಲಿ ತಂಗಿ, ಬೀದಿಗಳನ್ನು ಸುತ್ತಿ, ಸುಮಾರು 7,500 ಪದಗಳ ಲೇಖನ ಬರೆದರು. 1949ರ ಏಪ್ರಿಲ್ ಸಂಚಿಕೆಯಲ್ಲಿ ಅದು ಬಂತು. ಅದೇ ವರ್ಷ ‘ಹಿಯರ್ ಈಸ್ ನ್ಯೂಯಾರ್ಕ್’ ಎಂಬ ಪುಟ್ಟ ಪುಸ್ತಕವಾಯಿತು. ಯಾವ ಕಟ್ಟಡಕ್ಕೆ ಯಾವ ದಾರಿ ಎಂಬುದನ್ನು ತಿಳಿಯಲು ಅದನ್ನು ಓದಬೇಕಾಗಿಲ್ಲ. ದೊಡ್ಡ ನಗರ ಮನುಷ್ಯನಿಗೆ ಕೊಡುವ ಏಕಾಂತವೆಂಥದು ಎಂಬುದು ಅಲ್ಲಿನ ವಿಚಾರ. ಕೆಲವೇ ವಿಮಾನಗಳು ಈ ನಗರವನ್ನು ಸುಟ್ಟುಬಿಡಬಲ್ಲವೆಂಬ ಭಯವೂ ಕೊನೆಯ ಪುಟಗಳಲ್ಲಿದೆ. 2001ರ ಸೆಪ್ಟೆಂಬರಿನ ಅನಂತರ ಜನ ಆ ಪುಟಗಳನ್ನು ಹುಡುಕಿ ಓದಿದರು. ಬರೆದ ಲೇಖನ ಪುಸ್ತಕವಾಗುವಷ್ಟರಲ್ಲಿಯೇ ನಗರದ ಕೆಲವು ಸಂಗತಿಗಳು ಮಾಯವಾಗಿದ್ದವು. ವೈಟ್ ಅವನ್ನು ತಿದ್ದಲಿಲ್ಲ. ಬರೆದ ಕಾಲವನ್ನು ಮುನ್ನುಡಿಯಲ್ಲಿ ಸ್ಪಷ್ಟವಾಗಿ ತಿಳಿಸಿ ಸುಮ್ಮನಾದರು. ಊರನ್ನು ಪ್ರೀತಿಸಿ ಬಿಟ್ಟುಹೋದವನ ಕಣ್ಣು ಈ ಲೇಖನಕ್ಕೆ ಬೇಕೆಂಬುದನ್ನು ಕಂಡುಕೊಂಡ ಸಂಪಾದಕನಿಗೆ ಅರ್ಧ ಪಾಲು ಸಲ್ಲಬೇಕು.

ಇನ್ನು ಖರ್ಚಿನ ಮಾತು. ಇದೇ ಇಡೀ ವ್ಯವಹಾರದ ಮರ್ಮಸ್ಥಾನ. ‘ಉಂಡ ಮನೆಗೆ ಎರಡು ಬಗೆಯಬಾರದು’ ಎಂದು ನಮ್ಮ ಹಿರಿಯರು ಹೇಳಿದ್ದಾರೆ. ಅತಿಥಿಗೆ ಇದಕ್ಕಿಂತ ದೊಡ್ಡ ಧರ್ಮವಿಲ್ಲ. ಆದರೆ ಪ್ರವಾಸಲೇಖಕ ಅತಿಥಿಯಾಗಿ ಹೋದನೆಂದರೆ, ಈ ಒಳ್ಳೆಯ ಧರ್ಮವೇ ಅವನ ಕೈ ಕಟ್ಟಿಹಾಕುತ್ತದೆ. ಪ್ರವಾಸೋದ್ಯಮದ ಇಲಾಖೆಗಳೂ ಹೋಟೆಲುಗಳೂ ವಿಮಾನ ಸಂಸ್ಥೆಗಳೂ ಲೇಖಕರನ್ನು ಗುಂಪುಗುಂಪಾಗಿ ಕರೆದೊಯ್ಯುವ ಪದ್ಧತಿ ಲೋಕದಲ್ಲೆಲ್ಲ ಉಂಟು. ಬೆಳಗಿನ ಉಪಾಹಾರದಿಂದ ರಾತ್ರಿಯ ನೃತ್ಯದವರೆಗೆ ಗಳಿಗೆ ಗಳಿಗೆಗೂ ಕಾರ್ಯಕ್ರಮ. ಆ ಪಟ್ಟಿಯಲ್ಲಿ ಊರಿನ ಸಂತೆಗೆ ಬಿಡುವಿಲ್ಲ, ಬಸ್ ನಿಲ್ದಾಣಕ್ಕಿಲ್ಲ, ಹೋಟೆಲಿನ ಹಿತ್ತಲಿಗಂತೂ ಇಲ್ಲವೇ ಇಲ್ಲ. ಸುಳ್ಳು ಬರೆಯೆಂದು ಯಾರೂ ಹೇಳುವುದಿಲ್ಲ. ಹೇಳಬೇಕಾದ ಅಗತ್ಯವೂ ಇಲ್ಲ. ನೀರಿಲ್ಲದ ಕೇರಿಯನ್ನು ಕಾಣದವನು ಅದನ್ನು ಹೇಗೆ ಬರೆದಾನು? ಇದನ್ನು ಅರಿತೇ, 1987ರಲ್ಲಿ ಹೆರಾಲ್ಡ್ ಇವಾನ್ಸ್ ಅವರ ಸಂಪಾದಕತ್ವದಲ್ಲಿ ಹೊರಟ ‘ಕಾಂಡೆ ನಾಸ್ಟ್ ಟ್ರಾವೆಲರ್’ ಪತ್ರಿಕೆ ‘ಪ್ರವಾಸದಲ್ಲಿ ಸತ್ಯ’ ಎಂಬುದನ್ನು ತನ್ನ ಘೋಷಣೆಯಾಗಿಟ್ಟುಕೊಂಡು, ತನ್ನ ಲೇಖಕರು ಪುಕ್ಕಟೆ ಆತಿಥ್ಯ ಸ್ವೀಕರಿಸದೆ ಹಣ ತೆತ್ತೇ ಪ್ರಯಾಣ ಮಾಡಬೇಕೆಂದು ನಿಯಮ ಮಾಡಿತು. ಸಿರಿವಂತ ಪತ್ರಿಕೆಗೆ ಇದು ಸುಲಭ. ನಮ್ಮ ಸಣ್ಣ ಪತ್ರಿಕೆಗಳ ಲೇಖಕ ರಜೆಯ ಸಂಬಳದಲ್ಲಿ ಬಸ್ಸು ಹತ್ತಬೇಕು, ಇಲ್ಲವೇ ಕರೆದವರ ಕಾರು ಹತ್ತಬೇಕು.

ಆತಿಥ್ಯದ ಈ ಸೌಜನ್ಯವೇ ಒಂದು ಪತ್ರಿಕೆಯ ಸಂಪಾದಕೀಯ ನೀತಿಯಾದರೆ ಏನಾಗುತ್ತದೆ? ‘ನ್ಯಾಷನಲ್ ಜಿಯಾಗ್ರಫಿಕ್’ ಇದಕ್ಕೆ ನಿದರ್ಶನ. 1888ರಲ್ಲಿ ಹುಟ್ಟಿದ ಆ ಪತ್ರಿಕೆಯನ್ನು ಅರ್ಧ ಶತಮಾನಕ್ಕೂ ಮೀರಿ, 1954ರವರೆಗೆ, ಗಿಲ್ಬರ್ಟ್ ಗ್ರೋವನರ್ ನಡೆಸಿದರು. 1915ರಲ್ಲಿ ಅವರು ಪತ್ರಿಕೆಗೆ ಕೆಲವು ಸೂತ್ರಗಳನ್ನು ಹಾಕಿಕೊಟ್ಟರು. ಸಂಗತಿಗಳಲ್ಲಿ ಪೂರ್ಣ ನಿಖರತೆ ಇರಬೇಕೆಂಬುದು ಒಂದು. ಯಾವ ದೇಶವನ್ನು ಕುರಿತಾಗಲಿ ಯಾವ ಜನರನ್ನು ಕುರಿತಾಗಲಿ ಸೌಹಾರ್ದದ ಮಾತು ಮಾತ್ರ ಅಚ್ಚಾಗಬೇಕೆಂಬುದು ಇನ್ನೊಂದು. ಎರಡೂ ಕೇಳಲು ಎಷ್ಟು ಚೆನ್ನ! 1937ರ ಫೆಬ್ರವರಿಯಲ್ಲಿ ಡಗ್ಲಸ್ ಚಾಂಡ್ಲರ್ ಎಂಬಾತ ಬರೆದ ಬರ್ಲಿನ್ ನಗರದ ಲೇಖನ ಆ ಪತ್ರಿಕೆಯಲ್ಲಿ ಪ್ರಕಟವಾಯಿತು. ಹಿಟ್ಲರನ ರಾಜಧಾನಿಯ ಹೊಸ ರೂಪವನ್ನು ಮೆಚ್ಚಿ ನೋಡಿದ ಲೇಖನ ಅದು. ಯೆಹೂದ್ಯರ ಪೌರತ್ವವನ್ನು ಕಸಿದುಕೊಂಡ ನ್ಯೂರೆಂಬರ್ಗ್ ಕಾನೂನುಗಳು ಬಂದು ಆಗಲೇ ಒಂದೂವರೆ ವರ್ಷವಾಗುತ್ತ ಬಂದಿತ್ತು. ಮುಂದೆ ಇದೇ ಚಾಂಡ್ಲರ್ ಯುದ್ಧಕಾಲದಲ್ಲಿ ಬರ್ಲಿನ್ನಿನಿಂದ ನಾಟ್ಸಿಗಳ ಪರವಾಗಿ ಅಮೆರಿಕದ ಜನರಿಗೆ ಬಾನುಲಿ ಪ್ರಚಾರ ಮಾಡಿದ. 1947ರಲ್ಲಿ ದೇಶದ್ರೋಹದ ಅಪರಾಧಿಯೆಂದು ಅಮೆರಿಕದ ನ್ಯಾಯಾಲಯ ಅವನಿಗೆ ಶಿಕ್ಷೆ ವಿಧಿಸಿತು. ಲೇಖಕ ದುಷ್ಟನಾಗಿದ್ದ ಎಂದು ಹೇಳಿ ಪತ್ರಿಕೆಯನ್ನು ಬಿಟ್ಟುಬಿಡುವುದು ನ್ಯಾಯವಲ್ಲ. ಕಹಿ ಮಾತಿಗೆ ಜಾಗವಿಲ್ಲವೆಂದು ಇಪ್ಪತ್ತೆರಡು ವರ್ಷ ಮೊದಲೇ ಬರೆದಿಟ್ಟ ಮನೆಯೊಳಗೆ ಅಂಥ ಲೇಖನ ತಲೆಬಾಗದೆ ನಡೆದುಬಂತು. ದಾರಿಯ ಉದ್ದ, ಸೇತುವೆಯ ಎತ್ತರ, ಜನಸಂಖ್ಯೆ ಎಲ್ಲವೂ ನಿಖರವಾಗಿದ್ದೂ ಒಂದು ಊರಿನ ಚಿತ್ರ ಪೂರ್ತಿ ಸುಳ್ಳಾಗಬಹುದು.

ಬರೆಯುವ ಘಟ್ಟದಲ್ಲಿ ಬೇರೊಂದು ಬಗೆಯ ಅಪಾಯವಿದೆ. ಜಾನ್ ಸ್ಟೈನ್‌ಬೆಕ್ 1960ರಲ್ಲಿ ಚಾರ್ಲಿ ಎಂಬ ನಾಯಿಯೊಡನೆ, ಹಿಂದೆ ಮನೆ ಕಟ್ಟಿಸಿಕೊಂಡ ಟ್ರಕ್ಕಿನಲ್ಲಿ, ಅಮೆರಿಕವನ್ನು ಸುತ್ತಿದರು. ಆ ಪ್ರಯಾಣದ ಭಾಗಗಳು ಇದೇ ‘ಹಾಲಿಡೇ’ ಪತ್ರಿಕೆಯಲ್ಲಿ 1961ರಿಂದ ಬಂದು, 1962ರಲ್ಲಿ ‘ಟ್ರಾವೆಲ್ಸ್ ವಿತ್ ಚಾರ್ಲಿ’ ಎಂಬ ಪುಸ್ತಕವಾದವು. ಐವತ್ತು ವರ್ಷಗಳ ಮೇಲೆ ಬಿಲ್ ಸ್ಟೈಗರ್‌ವಾಲ್ಡ್ ಎಂಬ ಪತ್ರಕರ್ತರು ಅದೇ ದಾರಿ ಹಿಡಿದು ಹೋಗಿ ತಾಳೆ ನೋಡಿದರು. ಒಂಟಿ ಪ್ರಯಾಣವೆಂದು ಓದುಗರು ನಂಬಿದ್ದ ದಾರಿಯ ಬಹುಭಾಗದಲ್ಲಿ ಲೇಖಕರ ಪತ್ನಿ ಜೊತೆಗಿದ್ದರು. ಒಂದು ಬಯಲಿನಲ್ಲಿ ಬೀಡುಬಿಟ್ಟು ಅಲೆಮಾರಿ ನಟನೊಬ್ಬನನ್ನು ಕಂಡೆನೆಂದು ಬರೆದ ರಾತ್ರಿ ಅವರು ದೂರದ ಮೋಟೆಲೊಂದರಿಂದ ಪತ್ನಿಗೆ ಕಾಗದ ಬರೆದಿದ್ದರು. 2012ರ ಆವೃತ್ತಿಯ ಮುನ್ನುಡಿಯಲ್ಲಿ ಜೇ ಪರೀನಿ ಇದರಲ್ಲಿ ಕಾದಂಬರಿಕಾರನ ಕಲ್ಪನೆ ಬೆರೆತಿದೆಯೆಂದು ಓದುಗರಿಗೆ ತಿಳಿಸಬೇಕಾಯಿತು. ಕಲೆಗಾರನಿಗೆ ಅಷ್ಟು ಸ್ವಾತಂತ್ರ್ಯವಿಲ್ಲವೇ ಎಂದು ಸಹೃದಯರು ಆಕ್ಷೇಪಿಸಬಹುದು. ಇದೆ, ಕಾದಂಬರಿಯೆಂದು ಕರೆದಾಗ. ‘ಹೋಗಿದ್ದೆ, ಕಂಡೆ, ಕೇಳಿದೆ’ ಎಂಬ ಮೂರು ಕ್ರಿಯಾಪದಗಳ ಮೇಲೆ ಪ್ರವಾಸಲೇಖನದ ಇಡೀ ಭಾರ ನಿಂತಿದೆ.

ಕೊನೆಯದು ತಿದ್ದುವ ಮೇಜು. ಅಂಕಿಗಳನ್ನೂ ಹೆಸರುಗಳನ್ನೂ ಒಂದೊಂದಾಗಿ ಪರೀಕ್ಷಿಸುವ, ಲೇಖನದಲ್ಲಿ ಬಂದ ಛತ್ರದವನಿಗೆ ದೂರವಾಣಿ ಮಾಡಿ ‘ನೀವು ಹೀಗೆ ಹೇಳಿದಿರಾ’ ಎಂದು ಕೇಳುವ ಜನ ಈ ಮೇಜಿನ ಸುತ್ತ ಇರುತ್ತಾರೆ. ಅವರ ಹೆಸರು ಓದುಗರಿಗೆ ಗೊತ್ತಾಗುವುದೇ ಇಲ್ಲ. ಹಾಗೆಂದು ಈ ಮೇಜೂ ನಿಷ್ಕಳಂಕವಲ್ಲ. 1982ರ ಫೆಬ್ರವರಿಯಲ್ಲಿ ‘ನ್ಯಾಷನಲ್ ಜಿಯಾಗ್ರಫಿಕ್’ ಗೀಜಾದ ಪಿರಮಿಡ್ಡುಗಳ ಅಡ್ಡ ಚಿತ್ರವನ್ನು ಮುಖಪುಟದ ಉದ್ದಕ್ಕೆ ಹೊಂದಿಸಲೆಂದು ಎರಡು ಪಿರಮಿಡ್ಡುಗಳನ್ನು ಹತ್ತಿರ ಸರಿಸಿಬಿಟ್ಟಿತು! ಸಾವಿರಾರು ವರ್ಷ ಅಲುಗದೆ ನಿಂತದ್ದು ಮುಖಪುಟದ ಅಳತೆಗೆ ಅಲುಗಿತು. ಟೀಕೆ ಬಂತು, ಪತ್ರಿಕೆಯೂ ತಲೆಬಾಗಿತು. ಅದೇ ಪತ್ರಿಕೆ 2023ರಲ್ಲಿ ತನ್ನಲ್ಲಿ ಉಳಿದಿದ್ದ ಸಂಬಳದ ಲೇಖಕರನ್ನು ಕೈಬಿಟ್ಟಿತು. ಬರೆಯುವವರಿಗೇ ನೆಲೆಯಿಲ್ಲದ ಕಾಲದಲ್ಲಿ ತಾಳೆ ನೋಡುವವರ ಗತಿಯೇನೆಂದು ನನಗೆ ಆತಂಕವಾಗುತ್ತದೆ.

ನಮ್ಮ ಕನ್ನಡದ ಪ್ರವಾಸ ಸಾಹಿತ್ಯಕ್ಕೆ ಗೌರವ ಕಡಮೆಯಿಲ್ಲ. ಗೊರೂರರ ‘ಅಮೆರಿಕದಲ್ಲಿ ಗೊರೂರು’ 1980ರಲ್ಲಿ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಪಡೆಯಿತು. ಅದಕ್ಕೆ ಎರಡು ವರ್ಷ ಮುಂಚೆ ಅದೇ ಪ್ರಶಸ್ತಿ ಪಡೆದ ಬಿ. ಜಿ. ಎಲ್. ಸ್ವಾಮಿಯವರ ‘ಹಸಿರು ಹೊನ್ನು’ ಒಂದರ್ಥದಲ್ಲಿ ಪ್ರವಾಸಕಥನವೇ: ಗಿಡಮರಗಳನ್ನು ಅರಸಿ ವಿದ್ಯಾರ್ಥಿಗಳೊಡನೆ ಕಾಡು ಸುತ್ತಿದ ಕಥನ. ಲೇಖಕರು ಯಾರ ಜೊತೆ, ಯಾವ ಕೆಲಸಕ್ಕೆ, ಏನನ್ನು ಹುಡುಕಿ ಹೋದರೆಂಬುದು ಅಲ್ಲಿ ಬಯಲಾಗಿಯೇ ಇದೆ. ಗಿಡದ ಹೆಸರು ಅನುಮಾನವೆನಿಸಿದರೆ ಕಾಡಿಗೆ ಹೋಗಿ ನೋಡಿ ಬರಬಹುದು. ಇಂದು ವಾರದ ಪುರವಣಿಗಳಲ್ಲಿ ಬರುವ ಬಣ್ಣದ ಪ್ರವಾಸಲೇಖನಗಳಲ್ಲಿ ಅನೇಕವು ಈ ಬಯಲಿಗೆ ಬರಲು ಹಿಂಜರಿಯುತ್ತವೆ. ವಿದೇಶದ ಕಡಲತೀರವನ್ನು ಮೂರು ಅಂಕಣ ಹೊಗಳಿದ ಲೇಖಕ ಅಲ್ಲಿಗೆ ಯಾರ ಟಿಕೆಟ್ಟಿನಲ್ಲಿ ಹೋದನೆಂಬುದು ಎಲ್ಲಿಯೂ ಸಿಗುವುದಿಲ್ಲ.

ಪುಕ್ಕಟೆ ಪ್ರಯಾಣವನ್ನು ನಿಷೇಧಿಸಿರೆಂದು ನಮ್ಮ ಸಂಪಾದಕರನ್ನು ಕೇಳುವ ಧೈರ್ಯ ನನಗಿಲ್ಲ; ಅವರ ಖಜಾನೆ ನನಗೂ ಗೊತ್ತು. ಕೇಳುವುದಿಷ್ಟೇ: ಲೇಖನದ ಕೆಳಗೆ ಒಂದು ಸಾಲು ಅಚ್ಚುಹಾಕಿ. ಲೇಖಕರು ಯಾವ ತಿಂಗಳು ಹೋಗಿದ್ದರು, ಎಷ್ಟು ದಿನ ಇದ್ದರು, ಖರ್ಚು ಯಾರದು. ಅಕ್ಷರ ಸಣ್ಣದಾದರೂ ಚಿಂತೆಯಿಲ್ಲ, ಓದಿಕೊಳ್ಳುತ್ತೇವೆ.