ಮೇಳವನ್ನು ಕಳೆದುಕೊಂಡ ಸ್ಯಾಟಿರ್

ಗ್ರೀಕ್ ರುದ್ರನಾಟಕವೆಂದೊಡನೆ ಕನ್ನಡದ ಓದುಗರಿಗೆ ಬಿ.ಎಂ.ಶ್ರೀ. ಅವರ ‘ಪಾರಸಿಕರು’ ನೆನಪಾಗುವುದು ಸಹಜ. ಈಸ್ಕಿಲಸನ ಆ ಮೂಲನಾಟಕ ಕ್ರಿ.ಪೂ. 472ರಲ್ಲಿ ಅಥೆನ್ಸ್‌ನಲ್ಲಿ ಪ್ರಯೋಗಗೊಂಡಾಗ ಅದು ಒಂಟಿಯಾಗಿರಲಿಲ್ಲ. ಮೂರು ರುದ್ರನಾಟಕಗಳ ಬೆನ್ನಿಗೆ ಒಂದು ಸ್ಯಾಟಿರ್ ನಾಟಕವನ್ನು ಆಡುವುದು ಡಯೊನೈಸಸ್ ಉತ್ಸವದ ಪದ್ಧತಿಯಾಗಿತ್ತು. ಅಂಥ ನಾಟಕಗಳ ಪೈಕಿ ಇಂದು ಪೂರ್ಣವಾಗಿ ಉಳಿದಿರುವುದು ಯೂರಿಪಿಡೀಸನ ‘ಸೈಕ್ಲೊಪ್ಸ್’ ಒಂದೇ. ಇಂದಿನ ಜನಪ್ರಿಯ ಸಂಸ್ಕೃತಿಯಲ್ಲಿ ಸ್ಯಾಟಿರನಿಗೆ ಒದಗಿರುವ ಸ್ಥಿತ್ಯಂತರವನ್ನು ಈ ಹಿನ್ನೆಲೆಯಲ್ಲಿಯೇ ಪರಿಶೀಲಿಸಬೇಕು.

ಈ ಕುರಿತ ಚರ್ಚೆ ಸಾಮಾನ್ಯವಾಗಿ ಸ್ಯಾಟಿರನ ರೂಪ ಮತ್ತು ಶೀಲಗಳ ಸುತ್ತ ಸುಳಿಯುತ್ತದೆ. ಪ್ರಾಚೀನ ಗ್ರೀಕ್ ಮಡಕೆಗಳ ಚಿತ್ರಗಳಲ್ಲಿ ಅವನಿಗಿರುವುದು ಕುದುರೆಯ ಬಾಲ ಮತ್ತು ಕಿವಿ. ಆಡಿನ ಕಾಲು, ಕೊಂಬುಗಳು ಪ್ಯಾನ್ ದೇವತೆಯ ಹಾಗೂ ರೋಮನ್ನರ ಫಾನ್‌ನ ಸಂಪರ್ಕದಿಂದ ಅನಂತರ ಸೇರಿಕೊಂಡವು. ಅವನ ಕಾಮುಕತೆಯನ್ನು ತೊಳೆದು ಮಕ್ಕಳಿಗೆ ಒಗ್ಗಿಸಲಾಗಿದೆ ಎಂಬ ಆಕ್ಷೇಪವೂ ಇದೆ. ಇವೆಲ್ಲ ನಿಜವೇ. ಆದರೆ ಮುಖ್ಯವಾದ ನಷ್ಟ ಬೇರೆಯೇ ಇದೆ ಎಂಬುದು ನನ್ನ ಅಭಿಪ್ರಾಯ.

ಗ್ರೀಕ್ ರಂಗಭೂಮಿಯಲ್ಲಿ ಸ್ಯಾಟಿರ್ ಎಂದರೆ ಒಬ್ಬ ವ್ಯಕ್ತಿಯಲ್ಲ, ಒಂದು ಮೇಳ. ‘ಸೈಕ್ಲೊಪ್ಸ್’ ನಾಟಕದಲ್ಲಿ ಒಕ್ಕಣ್ಣ ರಾಕ್ಷಸನನ್ನು ಕುರುಡುಗೊಳಿಸಲು ಒಡಿಸಿಯಸ್ ನೆರವು ಬೇಡುತ್ತಾನೆ. ಆಗ ಈ ಮೇಳದವರಲ್ಲಿ ಕೆಲವರಿಗೆ ಕಾಲು ಕುಂಟಾಗುತ್ತದೆ, ಕೆಲವರ ಕಣ್ಣಿಗೆ ಧೂಳು ಬೀಳುತ್ತದೆ. ಕೊರಡು ತಾನಾಗಿಯೇ ಹೋಗಿ ಇರಿಯುವಂತೆ ಮಂತ್ರ ಹಾಡುತ್ತೇವೆ ಎನ್ನುತ್ತಾರೆ. ಇದು ಕೇವಲ ಹಾಸ್ಯವಲ್ಲ. ವೀರತ್ವವನ್ನು ಅದರ ಹೊರಗೆ ನಿಂತು, ಅಂಜುವ ಮತ್ತು ಬದುಕಲು ಬಯಸುವ ಸಾಮಾನ್ಯರ ಕಣ್ಣಿನಿಂದ ನೋಡುವ ಕ್ರಮ.

ಈ ದೃಷ್ಟಿಯೇ ಜನಪ್ರಿಯ ಕೃತಿಗಳಲ್ಲಿ ಕಾಣೆಯಾಗಿದೆ. ಡಿಸ್ನಿ ಸಂಸ್ಥೆಯ ‘ಹರ್ಕ್ಯುಲಿಸ್’ (1997) ಚಿತ್ರದಲ್ಲಿ ಫಿಲ್ ಎಂಬ ಸ್ಯಾಟಿರ್ ನಾಯಕನನ್ನು ಪಳಗಿಸುವ ಗುರು. ರಿಕ್ ರಿಯೊರ್ಡನ್‌ರ ಪರ್ಸಿ ಜಾಕ್ಸನ್ ಕಾದಂಬರಿಮಾಲೆಯಲ್ಲಿ (2005ರಿಂದ) ಗ್ರೋವರ್ ನಾಯಕನ ಕಾವಲುಗಾರ ಮತ್ತು ಗೆಳೆಯ. ಇಬ್ಬರೂ ಪ್ರಧಾನವಾಗಿ ಒಂಟಿ ಪಾತ್ರಗಳು. ಇಬ್ಬರ ಸಾರ್ಥಕತೆಯೂ ವೀರನ ಗೆಲುವಿನಲ್ಲಿದೆ. ಗುಂಪು ಉಳಿದಿರುವಲ್ಲಿ ಅದಕ್ಕೆ ಮಾತಿಲ್ಲ. ‘ಫ್ಯಾಂಟೇಸಿಯಾ’ (1940) ಚಿತ್ರದಲ್ಲಿ ಅದು ಬೀಥೋವನ್‌ನ ಸಂಗೀತಕ್ಕೆ ಕುಣಿಯುವ ಅಲಂಕಾರ. ‘ಗಾಡ್ ಆಫ್ ವಾರ್’ (2005) ವಿಡಿಯೋ ಆಟದಲ್ಲಿ ನಾಯಕ ಕೊಂದು ಮುಂದೆ ಸಾಗಬೇಕಾದ ಶತ್ರುಪಡೆ.

ಜನಪ್ರಿಯ ಸಂಸ್ಕೃತಿ ಏನನ್ನೂ ಸೇರಿಸಿಲ್ಲವೆಂದು ಇದರ ಅರ್ಥವಲ್ಲ. ಪ್ಯಾನ್‌ನನ್ನು ಅರಸುವ ಗ್ರೋವರ್‌ನ ಕಥೆ ನಾಶವಾಗುತ್ತಿರುವ ಅರಣ್ಯದ ಕುರಿತ ಕಾಳಜಿಗೆ ಪುರಾಣದ ಬಲ ತಂದಿದೆ. ಆದರೂ ಒಂದು ವೈರುಧ್ಯ ಉಳಿಯುತ್ತದೆ. ಈಜಿಪ್ಟಿನ ಆಕ್ಸಿರಿಂಕಸ್‌ನಲ್ಲಿ ದೊರೆತು 1912ರಲ್ಲಿ ಪ್ರಕಟವಾದ ಸೊಫೊಕ್ಲಿಸನ ಸ್ಯಾಟಿರ್ ನಾಟಕದ ತುಣುಕುಗಳನ್ನು ಆಧರಿಸಿ ಕವಿ ಟೋನಿ ಹ್ಯಾರಿಸನ್ ರಚಿಸಿದ ನಾಟಕ 1988ರಲ್ಲಿ ಡೆಲ್ಫಿಯಲ್ಲಿ ಪ್ರದರ್ಶಿತವಾಯಿತು. ಅದರಲ್ಲಿ ಸ್ಯಾಟಿರರು ಮೇಳವಾಗಿಯೇ ರಂಗಕ್ಕೆ ಬರುತ್ತಾರೆ. ಉನ್ನತ ಕಲೆಯ ಒಡೆಯನಾದ ಅಪೊಲೊ ಅವರನ್ನು ಸಂಗೀತದಿಂದ ದೂರವಿಡುತ್ತಾನೆ. ಕಲೆ ಯಾರ ಸ್ವತ್ತು ಎಂಬ ಪ್ರಶ್ನೆ ಅಲ್ಲಿ ಜೀವಂತವಾಗಿದೆ. ಜನಪ್ರಿಯವೆನಿಸಿಕೊಂಡ ಮಾಧ್ಯಮಗಳು ಕೈಬಿಟ್ಟ ಜನರ ದನಿಯನ್ನು ಗಂಭೀರ ರಂಗಭೂಮಿ ಎತ್ತಿಕೊಂಡದ್ದು ಗಮನಾರ್ಹ.

ಆದ್ದರಿಂದ ಪುರಾಣದ ಪಾತ್ರಗಳು ಹೊಸ ಮಾಧ್ಯಮಗಳಲ್ಲಿ ಪಡೆಯುವ ರೂಪವನ್ನು ಅಭ್ಯಸಿಸುವವರು ಕೊಂಬು, ಗೊರಸು, ಕೊಳಲುಗಳ ಸಾಮ್ಯವನ್ನು ಪಟ್ಟಿಮಾಡುವುದಕ್ಕಷ್ಟೇ ನಿಲ್ಲಬಾರದು. ಆ ಪಾತ್ರ ಮೂಲದಲ್ಲಿ ಯಾರ ಪರವಾಗಿ ಮಾತನಾಡುತ್ತಿತ್ತು, ಈಗ ಯಾರ ಸೇವೆಯಲ್ಲಿದೆ ಎಂಬುದನ್ನೂ ಕೇಳಬೇಕು. ಸ್ಯಾಟಿರನ ವಿಷಯದಲ್ಲಿ ಉತ್ತರ ಸ್ಪಷ್ಟವಾಗಿದೆ: ವೀರನನ್ನು ನೋಡಿ ನಗುತ್ತಿದ್ದವನು ಈಗ ವೀರನ ಪರಿವಾರಕ್ಕೆ ಸೇರಿದ್ದಾನೆ.