ಸ್ಪಾರ್ಜ್ ತೋಳು ಯಾರಿಗೆ ಬೇಕು?

ಆನ್‌ಸೈಟ್‌ಗೆಂದು ಅಮೆರಿಕಕ್ಕೆ ಹೋದ ನಮ್ಮವರಲ್ಲಿ ಕೆಲವರಿಗೆ ಮನೆಯಲ್ಲೇ ಬಿಯರ್ ಮಾಡುವ ಗೀಳು ಹತ್ತುತ್ತದೆ. 1978ರ ಕಾನೂನಿನ ನಂತರ ಅಲ್ಲಿ ವಯಸ್ಕನೊಬ್ಬ ತನ್ನ ಬಳಕೆಗೆ ವರ್ಷಕ್ಕೆ 100 ಗ್ಯಾಲನ್ ಮಾಡಿಕೊಳ್ಳಬಹುದು. (ಪುಣೆ, ಮುಂಬೈ ಫ್ಲಾಟಿನಲ್ಲಿ ಪರವಾನಗಿ ಇಲ್ಲದೆ ಮಾಡಿದರೆ ಅಪರಾಧ, ನೆನಪಿರಲಿ.) ಮೊದಲು ಮಾಲ್ಟ್ ಸಿರಪ್. ಆಮೇಲೆ ಕಾಳಿನಿಂದಲೇ ಶುರುಮಾಡುವ ಆಲ್-ಗ್ರೇನ್. ಅಲ್ಲಿಗೆ ಬಂದ ಕೂಡಲೇ ತಿರುಗುವ ಸ್ಪಾರ್ಜ್ ತೋಳು, ಪಂಪು, ಮೂರು ಅಂತಸ್ತಿನ ಕಬ್ಬಿಣದ ಸ್ಟ್ಯಾಂಡು ಎಲ್ಲವೂ ಖರೀದಿ ಪಟ್ಟಿಗೆ ಸೇರುತ್ತವೆ. ಇವಿಲ್ಲದೆ ಮಾಡಿದ್ದು ಬಿಯರೇ ಅಲ್ಲ ಎಂಬಂತೆ ಮಾತಾಡುವ ಪಂಡಿತರಿಗೂ ಕೊರತೆಯಿಲ್ಲ. ನಾನು ಹೇಳುವುದು: ಇವು ಯಾವುವೂ ಬೇಡ.

ಸ್ಪಾರ್ಜ್ ಎಂದರೆ ಬೇರೇನಲ್ಲ, ನೆನೆದ ಮಾಲ್ಟಿನಲ್ಲಿ ಉಳಿದ ಸಕ್ಕರೆಯನ್ನು ಬಿಸಿನೀರಿನಿಂದ ತೊಳೆದು ತೆಗೆಯುವುದು. ಫಿಲ್ಟರಿಗೆ ಎರಡನೇ ಸಲ ನೀರು ಹಾಕಿ ಡಿಕಾಕ್ಷನ್ ಇಳಿಸಿದವರಿಗೆ ಇದನ್ನು ಹೇಳಿಕೊಡಬೇಕಿಲ್ಲ. ಮೇಲಿನಿಂದ ನೀರು ಚಿಮುಕಿಸುತ್ತ, ಕೆಳಗಿನಿಂದ ಅಷ್ಟೇ ವೇಗದಲ್ಲಿ ರಸ ಇಳಿಸುತ್ತ, ಮುಕ್ಕಾಲು ಗಂಟೆಯಿಂದ ಒಂದೂವರೆ ಗಂಟೆ ಕಾಯುವುದು ಫ್ಲೈ ಸ್ಪಾರ್ಜ್. ಮೊದಲ ರಸವನ್ನು ಪೂರ್ತಿ ಇಳಿಸಿ, ಮತ್ತೆ ನೀರು ಸುರಿದು, ಚೆನ್ನಾಗಿ ಕಲಕಿ, ಇನ್ನೊಮ್ಮೆ ಇಳಿಸುವುದು ಬ್ಯಾಚ್ ಸ್ಪಾರ್ಜ್.

ಫ್ಲೈ ಪಕ್ಷದವರ ಒಂದೇ ಅಸ್ತ್ರ ಎಫಿಶಿಯೆನ್ಸಿ. ಸರಿ, ಲೆಕ್ಕ ಹಾಕೋಣ. 1.050 ಸಾಂದ್ರತೆಯ 20 ಲೀಟರಿಗೆ 80 ಪರ್ಸೆಂಟ್ ಎಫಿಶಿಯೆನ್ಸಿಯಲ್ಲಿ ಸುಮಾರು 4.2 ಕಿಲೋ ಮಾಲ್ಟ್ ಬೇಕು, 75ರಲ್ಲಿ ಸುಮಾರು 4.45. ವ್ಯತ್ಯಾಸ ಕಾಲು ಕಿಲೋ! ದಿನಕ್ಕೆ ಸಾವಿರಾರು ಲೀಟರ್ ಇಳಿಸುವ ಬ್ರೂವರಿಗೆ ಈ ಐದು ಪರ್ಸೆಂಟ್ ನಿಜವಾದ ದುಡ್ಡು. ಶನಿವಾರ ಅಡುಗೆಮನೆಯಲ್ಲಿ ನಿಂತವನಿಗೆ? ವಾರವಿಡೀ ಯುಟಿಲೈಸೇಶನ್ ಶೀಟ್ ತುಂಬುವ ಜನ ರಜೆಯ ದಿನಕ್ಕೂ ಒಂದು ಕೆಪಿಐ ಅಂಟಿಸಿಕೊಳ್ಳುತ್ತಾರೆ, ಅಷ್ಟೇ.

ಅದರ ಬೆನ್ನು ಹತ್ತಿದರೆ ಬಿಯರೂ ಕೆಡಬಹುದು. ತೊಳೆಯುತ್ತಾ ಹೋದಂತೆ ರಸ ತೆಳುವಾಗುತ್ತದೆ, ಪಿಎಚ್ ಏರುತ್ತದೆ. ಸಾಂದ್ರತೆ 1.010ಕ್ಕಿಂತ ಇಳಿದು ಪಿಎಚ್ 6 ದಾಟಿತೆಂದರೆ ಕಾಳಿನ ಸಿಪ್ಪೆಯ ಟ್ಯಾನಿನ್ ಬಿಡತೊಡಗುತ್ತದೆ. ಹೆಚ್ಚು ಹೊತ್ತು ಕುದಿಸಿದ ಚಹಾದ ಒಗರು ಅದು. ಇನ್ನೊಂದು ತೊಂದರೆ, ನೀರು ಕಾಳಿನ ನಡುವೆ ತನಗೆ ಸುಲಭವಾದ ದಾರಿ ಹುಡುಕಿ ಅಲ್ಲೇ ಹರಿಯುವುದು. ಆಗ ಒಂದು ಕಡೆ ಅತಿಯಾಗಿ ತೊಳೆದಿರುತ್ತದೆ, ಇನ್ನೊಂದು ಕಡೆ ಸಕ್ಕರೆ ಹಾಗೇ ಕೂತಿರುತ್ತದೆ. ಅದಕ್ಕೇ ಫ್ಲೈಗೆ ಅಡಿಯ ಜಾಲರಿ ಸಮನಾಗಿರಬೇಕು, ಪಾತ್ರೆಯ ಆಕಾರವೂ ಲೆಕ್ಕಕ್ಕೆ ಬರುತ್ತದೆ. ಬ್ಯಾಚಿನಲ್ಲಿ ಹೇಗಿದ್ದರೂ ಸೌಟು ಹಾಕಿ ಕಲಕುತ್ತೀರಿ, ಈ ತಲೆಬಿಸಿ ಇಲ್ಲ.

ಡೆನ್ನಿ ಕಾನ್ ಜನಪ್ರಿಯಗೊಳಿಸಿದ ಜೋಡಣೆ ಸಾಕು: ಪಿಕ್ನಿಕ್ ಕೂಲರ್, ಒಂದು ವಾಲ್ವ್, ನೀರಿನ ಕನೆಕ್ಷನ್ ಪೈಪಿನ ಮೇಲಿರುವ ಸ್ಟೀಲ್ ಹೆಣಿಗೆ. 16 ಲೀಟರ್ ನೀರಿನಲ್ಲಿ ಮಾಲ್ಟ್ ನೆನೆಸಿದರೆ ಕಾಳು ಹೀರಿಕೊಂಡದ್ದು ಹೋಗಿ ಹನ್ನೊಂದೂವರೆ ಲೀಟರ್ ಇಳಿಯುತ್ತದೆ. 75 ಡಿಗ್ರಿ ಆಸುಪಾಸಿನ ಇನ್ನೊಂದು 13 ಲೀಟರ್ ಸುರಿದು ಕಲಕಿ. ಮೊದಲು ಬರುವ ಕಲಕು ರಸವನ್ನು ತಿಳಿಯಾಗುವವರೆಗೆ ಮತ್ತೆ ಮೇಲಕ್ಕೆ ಹೊಯ್ದು ಇಳಿಸಿ. ಗೋಧಿ ಬಿಯರಾದರೆ ಕಟ್ಟಿಕೊಳ್ಳದಿರಲು ಒಂದು ಹಿಡಿ ಭತ್ತದ ಹೊಟ್ಟು. ನಮ್ಮ ರೈಸ್ ಮಿಲ್ಲುಗಳ ಹಿಂದೆ ರಾಶಿ ಬಿದ್ದಿರುವುದನ್ನೇ ಅಲ್ಲಿ ಪ್ಯಾಕೆಟ್ ಮಾಡಿ ಮಾರುತ್ತಾರೆ.

ನೀರು ಚಿಮುಕುವುದನ್ನು ನೋಡುತ್ತ ಕೂರುವುದೇ ಖುಷಿ ಎನ್ನುವವರ ತಂಟೆಗೆ ನಾನು ಬರುವುದಿಲ್ಲ. ಹೊಸಬರಾದರೆ ತೋಳಿಗೆಂದು ಎತ್ತಿಟ್ಟ ಹಣದಲ್ಲಿ ಒಂದು ನಂಬಿಕಸ್ತ ಥರ್ಮಾಮೀಟರ್ ಕೊಳ್ಳಿ. ಮಿಕ್ಕಿದ್ದನ್ನು ಯೀಸ್ಟ್ ಹುದುಗುವ ವಾರದಲ್ಲಿ ಡಬ್ಬಿಯನ್ನು ತಂಪಾಗಿಡಲು ಖರ್ಚು ಮಾಡಿ.