ಬೀಳದ ಗೋಡೆಯ ಅಡಿಯಲ್ಲಿ

ಕೊಂಬು ಊದಿದರು, ಯೆರಿಕೋ ಪಟ್ಟಣದ ಗೋಡೆ ಬಿತ್ತು: ಹಳೆಯ ಒಡಂಬಡಿಕೆಯ ಯೆಹೋಶುವನ ಪುಸ್ತಕದ ಈ ಕಥೆ ಬಹಳ ಜನರಿಗೆ ಗೊತ್ತು. ಗೋಡೆ ಬಿದ್ದ ಮೇಲೆ ಗಂಡಸರು, ಹೆಂಗಸರು, ಮಕ್ಕಳು, ಮುದುಕರು, ದನ, ಕುರಿ, ಕತ್ತೆ ಎಲ್ಲವೂ ಕತ್ತಿಗೆ ಬಲಿಯಾದದ್ದು ಅಷ್ಟಾಗಿ ಯಾರ ನೆನಪಿನಲ್ಲೂ ಉಳಿಯುವುದಿಲ್ಲ. ಹೀಬ್ರೂವಿನಲ್ಲಿ ಇದಕ್ಕೆ ‘ಹೇರೆಮ್’ ಎನ್ನುತ್ತಾರೆ. ಗೆದ್ದದ್ದನ್ನು ದೇವರಿಗೆ ಒಪ್ಪಿಸುವುದು, ಅಂದರೆ ನಾಶಮಾಡುವುದು.

ಪ್ರಶ್ನೆ ಎತ್ತಿದರೆ ಓದಿಕೊಂಡವರ ಉತ್ತರ ಸಿದ್ಧವಾಗಿದೆ: ‘ಅದೆಲ್ಲ ನಡೆದೇ ಇಲ್ಲವಲ್ಲ!’ ಸರಿಯೇ. 1952ರಿಂದ 1958ರವರೆಗೆ ಯೆರಿಕೋದಲ್ಲಿ ಉತ್ಖನನ ನಡೆಸಿದ ಕ್ಯಾಥಲೀನ್ ಕೆನ್ಯನ್ ಅವರಿಗೆ ಯೆಹೋಶುವನದೆಂದು ಹೇಳುವ ಕಾಲದ ಕೋಟೆಗೋಡೆ ಸಿಗಲಿಲ್ಲ. ಪುಸ್ತಕವೂ ಒಂದೇ ಮಾತಿಗೆ ನಿಲ್ಲುವುದಿಲ್ಲ. ಹತ್ತನೇ ಅಧ್ಯಾಯದಲ್ಲಿ ಉಸಿರಾಡುವ ಯಾರನ್ನೂ ಉಳಿಸಲಿಲ್ಲ ಎಂದು, ಹದಿಮೂರರಲ್ಲಿ ಗೆಲ್ಲಬೇಕಾದ ನಾಡು ಇನ್ನೂ ಬಹಳ ಇದೆ ಎನ್ನುತ್ತದೆ.

ಆದರೂ ಈ ಉತ್ತರ ನನಗೆ ಸೋಮಾರಿತನವಾಗಿ ಕಾಣುತ್ತದೆ. ನಡೆಯದ ಕೊಲೆಯನ್ನು ಹೆಮ್ಮೆಯಿಂದ ಬರೆದುಕೊಂಡದ್ದೇಕೆ?

1868ರಲ್ಲಿ ಈಗಿನ ಜೋರ್ಡಾನಿನ ಧಿಬಾನ್‌ನಲ್ಲಿ ಸಿಕ್ಕ, ಈಗ ಪ್ಯಾರಿಸ್ಸಿನ ಲೂವ್ರ್‌ನಲ್ಲಿರುವ ಕಲ್ಲೊಂದನ್ನು ನೋಡಿ. ಮೋವಾಬಿನ ಅರಸ ಮೇಷ ನೆಬೋ ಊರಿನ ಏಳು ಸಾವಿರ ಇಸ್ರೇಲರನ್ನು ಕೊಂದು ತನ್ನ ದೇವರಿಗೆ ಒಪ್ಪಿಸಿದೆನೆಂದು ಅದರಲ್ಲಿ ಕೊಚ್ಚಿಕೊಂಡಿದ್ದಾನೆ. ಹೇರೆಮ್‌ನ ಧಾತುವೇ ಅಲ್ಲಿಯೂ ಇದೆ. ಅದಕ್ಕೂ ಮುಂಚೆ, ಕ್ರಿ.ಪೂ. 1208ರ ಸುಮಾರಿಗೆ, ಈಜಿಪ್ಟಿನ ದೊರೆ ಮೆರ್ನೆಪ್ಟಾ ಇಸ್ರೇಲ್ ನಿರ್ನಾಮವಾಯಿತೆಂದು ಕೆತ್ತಿಸಿದ್ದ. ಬೈಬಲ್ಲಿನ ಹೊರಗೆ ಆ ಜನರ ಹೆಸರು ಮೊದಲು ಸಿಗುವುದೇ ಅವರ ಸಾವಿನ ಸುದ್ದಿಯಲ್ಲಿ! (ನಮ್ಮ ಶಾಸನಗಳ ಪ್ರಶಸ್ತಿ ಭಾಗ ಓದಿದವರಿಗೆ ಈ ಧಾಟಿ ಹೊಸದಲ್ಲ.) ದೊಡ್ಡ ಸಾಮ್ರಾಜ್ಯಗಳ ಕಾಲಡಿ ನಲುಗಿದ ಸಣ್ಣ ಜನಾಂಗ ತುಳಿದವರ ಭಾಷೆಯನ್ನೇ ಕಲಿತು ತನ್ನ ಕಥೆ ಕಟ್ಟಿಕೊಂಡಿತು. ಅಷ್ಟರಮಟ್ಟಿಗೆ ನನಗೆ ಅವರ ಮೇಲೆ ಮರುಕವೂ ಇದೆ.

ಆದರೆ ಆ ಕಥೆ ಬಲಿಷ್ಠರ ಕೈಗೆ ಬಿತ್ತು. ಉತ್ತರ ಅಮೆರಿಕಕ್ಕೆ ಹೋದ ಪ್ಯೂರಿಟನ್ನರು ತಮ್ಮನ್ನು ಇಸ್ರೇಲರೆಂದೂ ಅಲ್ಲಿನ ಮೂಲನಿವಾಸಿಗಳನ್ನು ಕಾನಾನ್ಯರೆಂದೂ ಓದಿಕೊಂಡರು. ಓಸೇಜ್ ಜನಾಂಗದ ವಿದ್ವಾಂಸ ರಾಬರ್ಟ್ ವಾರಿಯರ್ 1989ರ ಪ್ರಬಂಧದಲ್ಲಿ ಬಿಡುಗಡೆಯ ಈ ಕಥೆಯನ್ನು ಕಾನಾನ್ಯರ ಕಣ್ಣಿನಿಂದ ಓದಿದ್ದು ಅದಕ್ಕೇ. ಕೆನ್ಯನ್ ಅವರ ಅಗೆತ ಮುಗಿಯುವ ಹೊತ್ತಿಗೆ ಇಸ್ರೇಲಿನ ಪ್ರಧಾನಿ ಬೆನ್ ಗುರಿಯನ್ ತಮ್ಮ ಮನೆಯಲ್ಲಿ ಯೆಹೋಶುವನ ಪುಸ್ತಕದ ಅಧ್ಯಯನ ಕೂಟ ನಡೆಸುತ್ತಿದ್ದರು. ಮಣ್ಣಿನಲ್ಲಿ ಗೋಡೆ ಸಿಗಲಿಲ್ಲವೆಂದು ಯಾರ ಹಕ್ಕುಪತ್ರವೂ ರದ್ದಾಗಲಿಲ್ಲ.

ಪುಸ್ತಕ ಮುಚ್ಚಿಡಿ ಎನ್ನುತ್ತಿಲ್ಲ. ರಾಹಾಬಳ ಮನೆಯ ಮುಂದೆ ತುಸು ನಿಲ್ಲಿ ಎನ್ನುತ್ತಿದ್ದೇನೆ. ಗೂಢಚಾರರನ್ನು ಬಚ್ಚಿಟ್ಟ ಆ ಕಾನಾನ್ಯ ವೇಶ್ಯೆ ತನ್ನವರೊಂದಿಗೆ ಬದುಕಿ ಉಳಿದಳು, ಕಿಟಕಿಗೆ ಕಟ್ಟಿದ ಕೆಂಪು ದಾರದ ಗುರುತಿನಿಂದ. ಪಕ್ಕದ ಮನೆಯ ಕಿಟಕಿಯಲ್ಲಿ ಅಂಥ ದಾರವಿರಲಿಲ್ಲ, ಆ ಮನೆಯವರ ಹೆಸರನ್ನೂ ಯಾರೂ ಬರೆದಿಡಲಿಲ್ಲ.